ಕೆಟ್ಟಿರುವುದು ಬಾಟಲಿಯೋ, ಬಾಟಲಿ ಬಂದ ದಾರಿಯೋ?

ನಮ್ಮ ಕಡೆ ಬೋರ್ಬನ್ ಎಂದರೆ ಬಿಸ್ಕೆಟ್. ನಡುವೆ ಚಾಕೊಲೇಟ್ ಕ್ರೀಮು, ಮೇಲೆ ಸಕ್ಕರೆ ಹರಳು. ಅದೇ ಹೆಸರಿನ ವಿಸ್ಕಿಯೂ ಇದೆ ಎಂದು ಬಳ್ಳಾರಿಯ ಕೌಲ್ ಬಜಾರಿನ ಮನೆಗಳಿಗೆ ಗೊತ್ತಾಗಿದ್ದು ಮಕ್ಕಳು, ಅಳಿಯಂದಿರು ವಿಮಾನ ಹತ್ತಿ ಹೋಗಿಬರಲು ಶುರುವಾದ ಮೇಲೆ. ಈಚೆಗೆ ಅಲ್ಲಿನ ಜೀನ್ಸ್ ಹೊಲಿಗೆ ಘಟಕವೊಂದರ ಯಜಮಾನರು ನಮ್ಮನ್ನು ಕರೆದು ಶೋಕೇಸಿನಿಂದ ಒಂದು ಬಾಟಲಿ ಇಳಿಸಿದರು. ಅಳಿಯ ಏರ್‌ಪೋರ್ಟಿನಲ್ಲಿ ಕೊಂಡು ತಂದದ್ದು, ಎರಡು ವರ್ಷದ ಹಿಂದೆ ಯುಗಾದಿಗೆ ತೆರೆದದ್ದು, ಈಗ ಕಾಲು ಭಾಗ ಉಳಿದಿದೆ. "ಸಪ್ಪಗೈತ್ರಿ. ಕೆಟ್ಟೈತೋ ಏನು? ನೀವು ಪೇಪರ್‌ನೋರು, ನಾಲ್ಕೂರು ತಿರುಗ್ತೀರಿ, ಹೇಳ್ರಿ."

ಪೇಪರಿನವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಉಳಿದಿದೆ, ಸಂತೋಷ. ಆದರೆ ಈ ಪ್ರಶ್ನೆ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲೂ ಕೇಳಿಬರುತ್ತದೆ. ಅಲ್ಲಿ ಬೋರ್ಬನ್ ಇರುವುದಿಲ್ಲ, ಕ್ವಾರ್ಟರ್ ಇರುತ್ತದೆ, ನೈಂಟಿ ಪ್ಯಾಕೆಟ್ ಇರುತ್ತದೆ. ಮಾತು ಮಾತ್ರ ಒಂದೇ: "ಇವತ್ತಿನ ಮಾಲು ಸರಿ ಇಲ್ಲ." ಕುಡಿಯಿರಿ ಎಂದು ಹೇಳುವ ಬರಹ ಇದಲ್ಲ. ಕುಡಿಯುವವರು ಪ್ರತಿ ಮನೆಯಲ್ಲಲ್ಲದಿದ್ದರೂ ಪ್ರತಿ ಓಣಿಯಲ್ಲಿ ಇದ್ದಾರೆ. ಅವರು ಏನನ್ನು ಕುಡಿಯುತ್ತಿದ್ದಾರೆ ಎಂಬುದು ಮನೆಯವರೆಲ್ಲರ ವಿಷಯ. ಹಾಗಾಗಿ ಅಕ್ಕಂದಿರೂ ಓದಬೇಕು.

ಮೊದಲು ಯಜಮಾನರ ಬಾಟಲಿ ನೋಡೋಣ. ಹಾಲು ಕೆಡುವಂತೆ, ಸಾರು ಹಳಸುವಂತೆ ವಿಸ್ಕಿ ಕೆಡುವುದಿಲ್ಲ. ಶೇ 40ರಷ್ಟು ಆಲ್ಕೋಹಾಲ್ ಇರುವ ಕಡೆ ಹುಳಿ ಹಿಡಿಸುವ ಯಾವ ಸೂಕ್ಷ್ಮಜೀವಿಯೂ ಬದುಕುವುದಿಲ್ಲ. ಬಿಯರ್ ಬಾಟಲಿಯ ಮೇಲೆ ಇಂಥ ದಿನದೊಳಗೆ ಬಳಸಿ ಎಂದು ಬರೆದಿರುತ್ತಾರೆ, ವಿಸ್ಕಿಯ ಮೇಲೆ ಬರೆಯುವುದಿಲ್ಲ. ಅದಕ್ಕೆ ಕಾರಣ ಇದೇ. ಸೀಲು ಒಡೆಯದ ಬಾಟಲಿಯನ್ನು ಕತ್ತಲಲ್ಲಿ, ತಂಪಿನಲ್ಲಿ, ನಿಲ್ಲಿಸಿ ಇಟ್ಟರೆ ಹತ್ತು ವರ್ಷವಾದರೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಹಳೆಯದಾದಷ್ಟೂ ರುಚಿ ಏರುತ್ತದೆ ಎಂಬ ಮಾತು ಮರದ ಪೀಪಾಯಿಗೆ ಮಾತ್ರ. ಗಾಜಿಗೆ ಹಾಕಿದ ದಿನವೇ ವಿಸ್ಕಿಯ ವಯಸ್ಸು ನಿಂತುಹೋಗುತ್ತದೆ. ಅಪ್ಪನ ಕಾಲದ ಬಾಟಲಿ ಅಂತ ಎತ್ತಿಟ್ಟವರಿಗೆ ಬೇಸರವಾಗಬಹುದು.

ತೆರೆದ ಬಾಟಲಿಯ ಲೆಕ್ಕ ಬೇರೆ. ಮುಕ್ಕಾಲು ಖಾಲಿಯಾದ ಬಾಟಲಿಯಲ್ಲಿ ವಿಸ್ಕಿಗಿಂತ ಗಾಳಿಯೇ ಹೆಚ್ಚು. ಆ ಗಾಳಿ ನಿಧಾನಕ್ಕೆ ವಾಸನೆ, ರುಚಿಗಳನ್ನು ಬದಲಾಯಿಸುತ್ತದೆ. ಬಿರಡೆ ಸಡಿಲವಿದ್ದರೆ ಮೊದಲು ಹಾರುವುದು ಸುವಾಸನೆ ಮತ್ತು ಆಲ್ಕೋಹಾಲ್, ನೀರು ಹಿಂದೆ ಉಳಿಯುತ್ತದೆ. ಏಪ್ರಿಲ್‌, ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ಬಿಸಿಲು ಬೀಳುವ ಗೋಡೆಯ ಶೋಕೇಸಿನಲ್ಲಿ, ಎರಡು ಬೇಸಿಗೆ ಕಳೆದ ಬಾಟಲಿ ಸಪ್ಪಗಾಗದೆ ಇನ್ನೇನಾದೀತು? ಅದು ಸೊರಗಿದೆ. ವಿಷವಾಗಿಲ್ಲ.

ಬೋರ್ಬನ್ ಬಗ್ಗೆ ಇನ್ನೊಂದು ಮಾತು. ಅದು ಅಮೆರಿಕದ ವಿಸ್ಕಿ. ಅಲ್ಲಿನ ಕಾನೂನಿನಂತೆ ಕಾಳಿನಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು, ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು, ಬಣ್ಣವಾಗಲಿ ಪರಿಮಳವಾಗಲಿ ಸೇರಿಸಬಾರದು. ಅದರ ಕೆಂಪು, ಅದರ ಸಿಹಿ ವಾಸನೆ ಎರಡೂ ಸುಟ್ಟ ಮರ ಕೊಟ್ಟದ್ದು. ನಮ್ಮಲ್ಲಿ ಬಡವರ ಕೈಗೆ ಸಿಗುವ ವಿಸ್ಕಿಯ ಬಹುಪಾಲು ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ರುಚಿಯಿಲ್ಲದ ಸ್ಪಿರಿಟ್. ಅದಕ್ಕೆ ಬಣ್ಣ, ಪರಿಮಳ ಬೆರೆಸಿರುತ್ತಾರೆ. ಅದು ಗಂಟಲಿಗೆ ಹತ್ತುತ್ತದೆ. ನಮ್ಮ ಬಾಟಲಿಯಲ್ಲಿ ಆಲ್ಕೋಹಾಲ್ ಶೇ 42.8, ಏರ್‌ಪೋರ್ಟಿನ ಬೋರ್ಬನ್‌ಗಳಲ್ಲಿ ಹಲವು ಶೇ 40. ಇಪ್ಪತ್ತು ವರ್ಷ ಮೊದಲನೆಯದಕ್ಕೆ ಒಗ್ಗಿದ ಗಂಟಲಿಗೆ ಎರಡನೆಯದು ನೀರು ಸೇರಿಸಿದಂತೆ ಕಾಣುವುದು ಸಹಜ. ಮೇಲಾಗಿ ಒಗ್ಗರಣಿ ಮಿರ್ಚಿ ತಿಂದ ಬಾಯಿಗೆ ಓಕ್ ಮರದ ವಾಸನೆ ಎಲ್ಲಿ ಸಿಗಬೇಕು!

ಅನುಮಾನ ಬಂದರೆ ನೋಡುವ ಕ್ರಮ ಸುಲಭ. ಸೋಪಿನ ವಾಸನೆ ಇಲ್ಲದ ಲೋಟ, ಖಾರ ತಿನ್ನದ ಬಾಯಿ, ಐಸ್ ಇಲ್ಲದ ಒಂದು ಗುಟುಕು. ಸಾಧ್ಯವಾದರೆ ಅದೇ ಹೆಸರಿನ, ಈಗ ತಾನೇ ತೆರೆದ ಬಾಟಲಿಯ ಪಕ್ಕ ಇಟ್ಟು ಮೂಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ತೇಲುವ ಕಂದು ಚೂರು ಬಿರಡೆಯದ್ದು. ಐಸ್ ಹಾಕಿದಾಗ ಕೆಲವು ವಿಸ್ಕಿ ಮಸುಕಾಗುತ್ತದೆ, ಅದು ಅದರ ಗುಣ. ಇವುಗಳಲ್ಲಿ ಯಾವುದರಿಂದಲೂ ಯಾರೂ ಸಾಯುವುದಿಲ್ಲ. ಆದರೆ ಈ ಮೂಸಿ ನೋಡುವ ಪರೀಕ್ಷೆ ಅಂಗಡಿಯ ಬಿಲ್ಲು ಇರುವ ಅಸಲಿ ಬಾಟಲಿಗೆ ಮಾತ್ರ. ಎಲ್ಲಿಂದ ಬಂತು ಎಂದೇ ಗೊತ್ತಿಲ್ಲದ ಬಾಟಲಿಗೆ ಇದನ್ನು ಮಾಡಬೇಡಿ, ಒಂದು ಗುಟುಕೂ ಬೇಡ.

ಯಾಕೆಂದರೆ ರುಚಿ ಕೆಟ್ಟ ಬಾಟಲಿಗೆ ಹೆದರುತ್ತೇವೆ, ರುಚಿ ಸರಿ ಇದ್ದದ್ದನ್ನು ನಂಬುತ್ತೇವೆ. ಕೊಲ್ಲುವ ಬಾಟಲಿ ರುಚಿಯಲ್ಲಿ ಸರಿಯಾಗಿಯೇ ಇರುತ್ತದೆ. ಮೆಥನಾಲ್ ಎಂಬುದು ಕಾರ್ಖಾನೆಯ ದ್ರಾವಕ. ವಾಸನೆ, ರುಚಿ, ಅಮಲು ಎಲ್ಲದರಲ್ಲೂ ಕುಡಿಯುವ ಆಲ್ಕೋಹಾಲಿಗೆ ತೀರ ಹತ್ತಿರ. ಬೆಂಕಿ ಹಚ್ಚಿ ನೀಲಿ ಜ್ವಾಲೆ ನೋಡಿ ಹೇಳುತ್ತೇವೆ ಎನ್ನುವವರಿದ್ದಾರೆ. ನಂಬಬೇಡಿ, ಒಳ್ಳೆಯ ಆಲ್ಕೋಹಾಲೂ ನೀಲಿಯಾಗಿಯೇ ಉರಿಯುತ್ತದೆ. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಅದೂ ತಕ್ಷಣವಲ್ಲ, ಅರ್ಧ ದಿನದಿಂದ ಒಂದು ದಿನ ಕಳೆದ ಮೇಲೆ. ಮರುದಿನ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣ ಮುಂದೆ ಮಂಜು ಬಿದ್ದಂತೆ. ಮನೆಯವರು "ಹ್ಯಾಂಗೋವರ್, ಮಲಗಲಿ ಬಿಡು" ಎನ್ನುತ್ತಾರೆ. ಮಲಗಿಸಬೇಡಿ. ಇದಕ್ಕೆ ಮದ್ದು ಇದೆ, ಡಯಾಲಿಸಿಸ್ ಇದೆ, ಆದರೆ ಹೊತ್ತು ಕಳೆದಷ್ಟೂ ಕಣ್ಣು ಉಳಿಯುವುದು ಕಷ್ಟ. ಸಿರುಗುಪ್ಪದಿಂದ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಐವತ್ತು ಕಿಲೋಮೀಟರಿನ ಮೇಲಿದೆ, 108ಕ್ಕೆ ಬೇಗ ಫೋನು ಮಾಡಿ. ಕುಡಿದದ್ದನ್ನು ಡಾಕ್ಟರಿಗೆ ಮುಚ್ಚಿಡಬೇಡಿ, ಉಳಿದ ಬಾಟಲಿಯನ್ನು ಜೊತೆಗೇ ಒಯ್ಯಿರಿ.

ಇದು ನಮ್ಮ ರಾಜ್ಯ ಕಾಣದ ಕಥೆಯೇನಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನ ಹಳ್ಳಿಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಹೆಣ ಬಿದ್ದವು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: "ಕೆಟ್ಟಿದೆಯೇ" ಎಂದು ಬಾಟಲಿಯನ್ನು ಕೇಳುವ ಬದಲು "ಎಲ್ಲಿಂದ ಬಂದೆ" ಎಂದು ಕೇಳಬೇಕು. ಕರ್ನಾಟಕದಲ್ಲಿ ಲೈಸೆನ್ಸ್ ಅಂಗಡಿಗೆ ವಿಸ್ಕಿ ಬರುವುದು ಸರ್ಕಾರದ್ದೇ ಆದ ಪಾನೀಯ ನಿಗಮದ ಡಿಪೋದಿಂದ. ಮುಚ್ಚಳದ ಮೇಲೆ ಅಬಕಾರಿ ಚೀಟಿ ಅಂಟಿರುತ್ತದೆ, ಮುಚ್ಚಳ ತಿರುವಿದರೆ ಅದು ಹರಿಯಬೇಕು. ಹರಿದು ಮತ್ತೆ ಅಂಟಿಸಿದಂತಿದ್ದರೆ, ಮುಚ್ಚಳ ಸುಮ್ಮನೆ ತಿರುಗಿದರೆ, ಒಂದೇ ಕೇಸಿನ ಎರಡು ಬಾಟಲಿಗಳಲ್ಲಿ ಮಟ್ಟ ಹೆಚ್ಚುಕಡಿಮೆ ಇದ್ದರೆ, ಬ್ಯಾಚ್ ನಂಬರ್ ಅಳಿಸಿದ್ದರೆ, ವಾಪಸು ಕೊಡಿ. ಏರ್‌ಪೋರ್ಟಿನ ಬಾಟಲಿಗೆ ಈ ಚೀಟಿ ಇರುವುದಿಲ್ಲ, ತಂದವರ ಬಳಿ ಅಂಗಡಿಯ ಬಿಲ್ಲು ಇರುತ್ತದೆ. ಚೀಟಿಯೂ ಇಲ್ಲ, ಬಿಲ್ಲೂ ಇಲ್ಲ, "ಮಿಲಿಟರಿ ಮಾಲು", "ಗೋವಾ ಮಾಲು" ಎಂಬ ಮಾತಷ್ಟೇ ಇದೆ ಎಂದರೆ ಅದನ್ನು ಮುಟ್ಟದಿರುವುದೇ ಲೇಸು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬೋರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಇಳಿದರೂ ಅದು ದುಬಾರಿ ಸರಕು. ಅರ್ಧ ಬೆಲೆಗೆ ಸಿಗುತ್ತಿದೆ ಎಂದರೆ ಒಳಗಿರುವುದು ಬೋರ್ಬನ್ ಆಗಿರುವ ಸಂಭವ ಕಡಿಮೆ. ಖಾಲಿ ಫಾರಿನ್ ಬಾಟಲಿಯನ್ನು ಗುಜರಿಗೆ ಹಾಕುವಾಗ ಲೇಬಲ್ ಕಿತ್ತು, ಮುಚ್ಚಳ ಜಜ್ಜಿ ಹಾಕಿ. ನಕಲಿ ತುಂಬುವವರಿಗೆ ಬೇಕಾಗಿರುವುದು ಆ ಗಾಜು ಮತ್ತು ಆ ಮುಚ್ಚಳ.

ಹಳ್ಳಿಯ ಕಷ್ಟ ಇನ್ನೂ ಹೆಚ್ಚಿನದು. ಲೈಸೆನ್ಸ್ ಅಂಗಡಿ ಇರುವುದು ಪಟ್ಟಣದಲ್ಲಿ, ಕುಡಿಯುವುದು ಊರಿನಲ್ಲಿ. ನಡುವಿನ ದಾರಿಯನ್ನು ಕಿರಾಣಿ ಅಂಗಡಿ, ಪಾನ್ ಡಬ್ಬಿ, ಬೈಕಿನ ಡಿಕ್ಕಿ ತುಂಬುತ್ತವೆ. ಅದು ಅಕ್ರಮ ಎಂದು ಎಲ್ಲರಿಗೂ ಗೊತ್ತು, ಎಲ್ಲಿ ಸಿಗುತ್ತದೆ ಎಂದೂ ಎಲ್ಲರಿಗೂ ಗೊತ್ತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರಲ್ಲ, ಅವರ ಸಿಟ್ಟಿಗೆ ಈ ಹಳ್ಳಿ ಮಾರಾಟವೂ ಕಾರಣ. ನಮ್ಮದು ಗಡಿ ಜಿಲ್ಲೆ ಬೇರೆ. 2019ರಿಂದ ಐದು ವರ್ಷ ಆಂಧ್ರದಲ್ಲಿ ಸರ್ಕಾರಿ ಅಂಗಡಿ, ಏರಿದ ದರ ಇದ್ದಾಗ ನಮ್ಮ ಕಡೆಯ ಪ್ಯಾಕೆಟ್ಟುಗಳು ಗಡಿ ದಾಟುತ್ತಿದ್ದವು. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಮತ್ತೆ ಖಾಸಗಿ ಅಂಗಡಿ ಬಂದು ₹99ಕ್ಕೆ ಕ್ವಾರ್ಟರ್ ಸಿಗತೊಡಗಿತು. ದರ ಎತ್ತ ವಾಲುತ್ತದೋ ಮಾಲು ಅತ್ತ ಹರಿಯುತ್ತದೆ. ಹಾಗೆ ಕತ್ತಲಲ್ಲಿ ಹರಿಯುವ ಮಾಲಿನೊಳಗೆ ನಕಲಿ ಸೇರಿಸುವುದು ಸುಲಭ. ಅಲ್ಲಿ ಬಿಲ್ಲಿಲ್ಲ, ಹಾಗಾಗಿ ದೂರೂ ಇಲ್ಲ.

ಈಗ ಸರ್ಕಾರದ ಮಾತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿದ್ದಾರೆ. ಅದರಲ್ಲಿ ನಮ್ಮ ಕೂಲಿಯವರ ನೈಂಟಿಯದೂ ಇದೆ. ಅಷ್ಟು ಕೊಡುವವನು ತನ್ನ ಬಾಟಲಿಯಲ್ಲಿ ಏನಿದೆ ಎಂದು ಕೇಳಿದರೆ ಹೋಗಬೇಕಾದ ಕಿಟಕಿ ಯಾವುದು? ರಾಬಕೊವಿ ಹಾಲು ಒಕ್ಕೂಟಕ್ಕೆ ಹಾಲು ಹಾಕುವ ಅಜ್ಜಿಯ ತಂಬಿಗೆಯನ್ನು ಡೇರಿಯಲ್ಲಿ ಪ್ರತಿದಿನ ಅಳೆಯುತ್ತಾರೆ. ಕೊಬ್ಬು ಎಷ್ಟು, ನೀರು ಎಷ್ಟು ಎಂದು ಅಲ್ಲೇ ಗೊತ್ತಾಗುತ್ತದೆ. ಅಜ್ಜಿ ಮಾರುವುದನ್ನು ಅಳೆಯುವುದಕ್ಕೆ ಊರೂರಿಗೆ ಯಂತ್ರ ಇದೆ. ಅಜ್ಜಿಯ ಮಗ ಕೊಳ್ಳುವುದನ್ನು ಅಳೆಯುವುದಕ್ಕೆ ಊರಲ್ಲಿ ಏನೂ ಇಲ್ಲ.

ಕಾನೂನು ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಮದ್ಯವೂ ಆಹಾರವೇ. ಅದರ 40ನೇ ಸೆಕ್ಷನ್ ಪ್ರಕಾರ ಕೊಂಡವನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ದೋಷ ಕಂಡರೆ ಶುಲ್ಕ ವಾಪಸು. ಆದರೆ ಒಂದು ಷರತ್ತು: ಕೊಳ್ಳುವಾಗಲೇ ಅಂಗಡಿಯವನಿಗೆ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ತಿಳಿಸಿರಬೇಕು. ಪಾನ್ ಡಬ್ಬಿಯ ಮುಂದೆ ರಾತ್ರಿ ಎಂಟಕ್ಕೆ ನಿಂತ ಕೂಲಿಯವನು ಹೀಗೆ ಹೇಳುವುದನ್ನು ಊಹಿಸಿಕೊಳ್ಳಿ! ಕಾಯ್ದೆ ಬರೆದವರು ಬಿಲ್ಲು ಕೊಡುವ ಅಂಗಡಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ.

ನಮಗೆ ಬೇಕಾದದ್ದು ದೊಡ್ಡದೇನಲ್ಲ. ತಾಲ್ಲೂಕು ಅಬಕಾರಿ ಕಚೇರಿಯಲ್ಲಿ ವಾರಕ್ಕೊಂದು ದಿನ, ಹೆಸರು ಕೇಳದೆ, ಕೇಸು ಹಾಕದೆ, ಅನುಮಾನದ ಬಾಟಲಿಯನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಕು. ಫಲಿತಾಂಶವನ್ನು ಕಚೇರಿ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಬೇಕು. ಲೈಸೆನ್ಸ್ ಅಂಗಡಿಗಳು ನೈಂಟಿಗೂ ಕೈಗೆ ಬಿಲ್ಲು ಕೊಡಬೇಕು. ಬಿಲ್ಲು ಸಿಕ್ಕರೆ ಯಾವ ಅಂಗಡಿಯಿಂದ ಯಾವ ಹಳ್ಳಿಗೆ ಕೇಸುಗಟ್ಟಲೆ ಹೋಗುತ್ತಿದೆ ಎಂಬ ಲೆಕ್ಕವೂ ಸಿಗುತ್ತದೆ. ಬಹುಶಃ ಅದಕ್ಕೇ ಕೊಡುತ್ತಿಲ್ಲವೋ ಏನೋ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ ತಹಶೀಲ್ದಾರರಿಗೆ ಕಳಿಸಿ. ಪ್ರತಿಯೊಂದನ್ನು ನಮಗೂ ಕೊಡಿ, ಉತ್ತರ ಬಂತೇ ಇಲ್ಲವೇ ಎಂದು ನಾವು ಇಲ್ಲೇ ಬರೆಯುತ್ತೇವೆ.