ಸ್ಪಿನ್ನರ್‌ಗೆ ಬೇಕಿರುವುದು ಓವರುಗಳು

ಭದ್ರಾವತಿ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. ಪಕ್ಕದ ಶಿವಮೊಗ್ಗದ ನವುಲೆಯಲ್ಲಿ ರಣಜಿ ಪಂದ್ಯ ಕಂಡ ಮೈದಾನವಿದೆ. ಆದರೂ ಇಲ್ಲಿನ ಎಳೆಯ ಸ್ಪಿನ್ನರ್‌ನ ಕಣ್ಣು ಟಿ-20 ಲೀಗಿನ ಮೇಲೆ. ಅಲ್ಲಿ ಅವನಿಗೆ ಸಿಗುವುದು ಹೆಚ್ಚೆಂದರೆ 24 ಎಸೆತ. ಒಂದು ಸಿಕ್ಸರ್ ಬಿದ್ದರೆ ಸಾಕು, ಚೆಂಡನ್ನು ಗಾಳಿಯಲ್ಲಿ ತೇಲಿಬಿಡುವ ಧೈರ್ಯ ಉಡುಗಿ, ಬೆರಳು ತಿರುಗಿಸುವುದನ್ನೇ ಮರೆಯುತ್ತದೆ. ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದ ಸ್ಪಿನ್ನರ್ ಸುನಿಲ್ ಜೋಶಿ 1995-96ರ ರಣಜಿಯಲ್ಲಿ 52 ವಿಕೆಟ್ ಕಿತ್ತ ಮೇಲೆಯೇ ಟೆಸ್ಟ್ ಆಡಿದ್ದು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ ಬರೀ 6 ರನ್ನಿಗೆ 5 ವಿಕೆಟ್ ತಂದ ಹಿಡಿತ, ದಿನಗಟ್ಟಲೆ ಎಸೆದು ಪಳಗಿದ ಕೈಯದು.

ಲೀಗಿನಿಂದ ದುಡ್ಡು, ಹೆಸರು ಬರುತ್ತದಲ್ಲ ಎನ್ನಬಹುದು. ನಿಜ, ಬಡ ಮನೆಯ ಹುಡುಗನಿಗೆ ಅದು ಸಣ್ಣ ಮಾತಲ್ಲ. ಆದರೆ ಕಸುಬು ಮಾಗದೆ ಆ ಗಳಿಕೆ ಬಾಳುವುದಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆ ನವುಲೆಯಲ್ಲಿ ಈ ಹುಡುಗರಿಗಾಗಿ ಇನ್ನಷ್ಟು ಎರಡು-ಮೂರು ದಿನಗಳ ಪಂದ್ಯ ನಡೆಸಲಿ.