ಮಳೆಯಲ್ಲಿ ಪರೀಕ್ಷೆ, ಬಿಸಿಲಲ್ಲಿ ಬಣ್ಣ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಸೇತುವೆಗೆ ಆಗಿದ್ದು ನಲವತ್ತರ ಆಸುಪಾಸಿನ ವಯಸ್ಸು.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅದೇ ವಯಸ್ಸಿನ ಮೋರಿ, ಶಾಲೆಯ ಆರ್‌ಸಿಸಿ ಮಾಡು, ಓವರ್‌ಹೆಡ್ ಟ್ಯಾಂಕ್‌ಗಳಿಗೆ ಬರವೇ? ಎಲ್ಲಾದರೂ ಏನಾದರೂ ಬಿದ್ದಾಗ ಜೀಪು ಬರುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾರೆ, 'ಸುಸ್ಥಿತಿಯಲ್ಲಿದೆ' ಎಂದು ಬರೆಯುತ್ತಾರೆ. ಉಪಕರಣ ತಂದರೂ ತರುವುದು ಜಡಿಮಳೆಯಲ್ಲಿ. ನಮ್ಮ ತಕರಾರು ಇರುವುದೇ ಇಲ್ಲಿ.

ಕಾಂಕ್ರೀಟ್ ಒಡೆಯದೆ ಒಳಗಿನ ಬಿರುಕು ಹುಡುಕಲು ಶಬ್ದಾತೀತ ತರಂಗ ಹಾಯಿಸುತ್ತಾರೆ. ಬಿರುಕಿದ್ದರೆ ತರಂಗ ಸುತ್ತಿ ಬರಬೇಕು, ತಡವಾಗುತ್ತದೆ. ಸೆಕೆಂಡಿಗೆ 4.5 ಕಿ.ಮೀ. ಮೀರಿದರೆ ಅತ್ಯುತ್ತಮ, 3ಕ್ಕಿಂತ ಕಡಿಮೆಯಾದರೆ ಅನುಮಾನ ಎನ್ನುತ್ತಿತ್ತು 1992ರ ಭಾರತೀಯ ಮಾನಕ 13311. ಆದರೆ ಬಿರುಕಿನಲ್ಲಿ ನೀರು ತುಂಬಿದ್ದರೆ ತರಂಗ ನೀರಿನ ಮೂಲಕವೇ ದಾಟಿಬಿಡುತ್ತದೆ. ನೆನೆದ ಕಾಂಕ್ರೀಟ್‌ನಲ್ಲಿ ವೇಗವೂ ಹೆಚ್ಚು. ಅಂದರೆ ಆಗುಂಬೆ, ಹುಲಿಕಲ್ ಸೀಮೆಯಲ್ಲಿ ಆಗಸ್ಟ್‌ನಲ್ಲಿ ಅಳೆದರೆ ಸೀಳಿದ ತೊಲೆಯೂ ಪಾಸಾಗಬಹುದು! ಸ್ಪ್ರಿಂಗ್ ಸುತ್ತಿಗೆಯಂತೂ ಹೊರಚರ್ಮವನ್ನಷ್ಟೇ ಬಲ್ಲದು. ಹಳೆ ಕಾಂಕ್ರೀಟ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೇಲ್ಮೈ ಗಡುಸಾಗಿರುತ್ತದೆ, ಸುತ್ತಿಗೆ ಅದನ್ನೇ ಶಕ್ತಿ ಎಂದು ಓದುತ್ತದೆ. ಒಳಗೆ ಸರಳು ತುಕ್ಕು ಹಿಡಿದಿದ್ದರೆ ಅದಕ್ಕೇನು ಗೊತ್ತು? ಸರಳಿನ ವಿದ್ಯುತ್ ವಿಭವ ಅಳೆಯುವ ಬೇರೆಯೇ ಪರೀಕ್ಷೆ ಇದೆ. ಅದನ್ನು ಕೇಳುವವರೇ ಇಲ್ಲ.

ದುಡ್ಡಿಲ್ಲ ಎನ್ನುತ್ತಾರೆ. ಒಂದು ಕಚೇರಿಗೆ ನಾವು ಶಾಲಾ ಕಟ್ಟಡದ ಪರೀಕ್ಷಾ ವರದಿ ಕೇಳಿದೆವು. ಕೈಗೆ ಬಂದದ್ದು ಸುಣ್ಣಬಣ್ಣದ ಬಿಲ್ಲು. ಕಣ್ಣಿಗೆ ಕಾಣುತ್ತಿದ್ದ ಬಿರುಕನ್ನೂ ಮುಚ್ಚಲು ದುಡ್ಡಿತ್ತು.

1964ರ ಲಿಂಗನಮಕ್ಕಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಕಾವಲಿದೆ. ಹಳ್ಳಿಯ ಮೋರಿಗೆ ಅಂಥದ್ದಿಲ್ಲ. ನಾವು ವರದಿಗಾರರೂ ಸಾಚಾ ಅಲ್ಲ. ಕಳೆದ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಗೆ ಪುಟಗಟ್ಟಲೆ ಬರೆದೆವು, ದಿನಾ ದಾಟುವ ಮೋರಿಯ ಕೆಳಗೆ ಬಗ್ಗಿ ನೋಡಲಿಲ್ಲ.

ಫೆಬ್ರುವರಿಯಿಂದ ಏಪ್ರಿಲ್‌ ಒಳಗೆ, ಕಾಂಕ್ರೀಟ್ ಒಣಗಿದ್ದಾಗ ಪರೀಕ್ಷೆ ನಡೆಯಲಿ. ಯಾವ ಜಾಗದಲ್ಲಿ ಎಷ್ಟು ವೇಗ, ಯಾವ ದಿನ, ಒಣಗಿತ್ತೋ ಒದ್ದೆಯಿತ್ತೋ ಎಂಬ ವಿವರದೊಂದಿಗೆ ವರದಿಯನ್ನು ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸಲಿ. ಬಣ್ಣ ಆಮೇಲೆ ಬಳಿಯಲಿ.