ರಾಮಾಚಾರಿಯ ಸಿಟ್ಟಿಗೆ ಬೆಲೆಯಿತ್ತು

ಈಗಿನ ಕನ್ನಡ ಸಿನಿಮಾದ ಹೀರೋಗೆ ಸಿಟ್ಟು ಬಂದರೆ ಖರ್ಚೆಲ್ಲ ಬೇರೆಯವರದು. ಮುರಿಯುವ ಮೂಳೆ ಬೇರೆಯವರದು, ಪುಡಿಯಾಗುವ ಅಂಗಡಿ ಬೇರೆಯವರದು, ಗಾಳಿಯಲ್ಲಿ ಹಾರಿಬೀಳುವ ಸುಮೋ ಬೇರೆಯವರದು. ಅವನ ಪಾಲಿಗೆ ಬರುವುದು ಸ್ಲೋ ಮೋಷನ್, ಎದೆ ನಡುಗಿಸುವ ಹಿನ್ನೆಲೆ ಸಂಗೀತ ಮತ್ತು ನಮ್ಮ ಶಿಳ್ಳೆ. ವಾರಕ್ಕೆ ಕಡಿಮೆಯೆಂದರೂ ಒಂದು ಸಿನಿಮಾ ನೋಡುವವನು ನಾನು. ದುರ್ಗಕ್ಕೆ ಬಾರದ ಚಿತ್ರವಾದರೆ ದಾವಣಗೆರೆಯ ಬಸ್ಸು ಹತ್ತುತ್ತೇನೆ. ಹೊಡೆದಾಟದ ಚಿತ್ರಗಳನ್ನು ಕಂಡರೆ ಮೂಗು ಮುರಿಯುವ ಜಾತಿ ನನ್ನದಲ್ಲ. ಒಳ್ಳೆಯ ಫೈಟು ಒಳ್ಳೆಯ ಹಾಡಿನಷ್ಟೇ ಇಷ್ಟ. ನನ್ನ ತಕರಾರು ಹೊಡೆತದ ಮೇಲಲ್ಲ, ಹೊಡೆದ ಮೇಲೆ ಏನಾಗುತ್ತದೆ ಎಂಬುದರ ಮೇಲೆ.

ಈ ತಕರಾರು ತೆಗೆಯಲು ದುರ್ಗದವರಿಗೆ ಸ್ವಲ್ಪ ಹೆಚ್ಚಿನ ಹಕ್ಕಿದೆ ಎಂದುಕೊಂಡಿದ್ದೇನೆ. ಕನ್ನಡದ ಅತಿ ಪ್ರಸಿದ್ಧ ಸಿಟ್ಟಿನ ಹುಡುಗ ಹುಟ್ಟಿದ್ದು ಇಲ್ಲಿಯ ಬಂಡೆಗಳ ಮೇಲೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಿಡುಗಡೆಯಾದದ್ದು 1972ರ ಡಿಸೆಂಬರ್ 29ರಂದು. ಇವತ್ತಿಗೂ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿಯ ಜೊತೆಗೆ ರಾಮಾಚಾರಿ ಓಡಾಡಿದ ಜಾಗ ಯಾವುದು ಎಂದೂ ಕೇಳುತ್ತಾರೆ. ವಿಷ್ಣುವರ್ಧನ್ ಎಂಬ ನಾಯಕನಟನನ್ನು, ಜಲೀಲನ ವೇಷದಲ್ಲಿ ಅಂಬರೀಷ್‌ರನ್ನು ಕನ್ನಡಕ್ಕೆ ಕೊಟ್ಟದ್ದು ಇದೇ ಚಿತ್ರ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಆ ಚಿತ್ರವನ್ನು ಈಗ ಮತ್ತೊಮ್ಮೆ ನೋಡಿ. ಅಲ್ಲಿ ಸಿಟ್ಟಿನ ಲೆಕ್ಕವನ್ನು ಪೈಸೆ ಪೈಸೆಗೂ ಬರೆದಿಟ್ಟಿದ್ದಾರೆ.

ರಾಮಾಚಾರಿ ಕಾಲೇಜಿನಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಅವಮಾನ ತಡೆಯಲಾರದೆ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ನಮಗೆ ನಗು ಬರುತ್ತದೆ, ಆದರೆ ಊರು ನಗುವುದಿಲ್ಲ. ಅವನ ಹೆಸರು ಕೆಡುತ್ತದೆ, ಕೆಟ್ಟ ಹೆಸರು ಅವನಿಗಿಂತ ಮುಂಚೆ ಎಲ್ಲ ಮನೆಗಳ ಬಾಗಿಲು ತಟ್ಟುತ್ತದೆ. ಅಲಮೇಲುವನ್ನು ಕಾಡುವ ಜಲೀಲನನ್ನು ಅವನು ಬಗ್ಗುಬಡಿಯುತ್ತಾನೆ. ಈಗಿನ ಚಿತ್ರವಾದರೆ ಆ ಒಂದು ಹೊಡೆದಾಟಕ್ಕೇ ಹುಡುಗಿ ಬಹುಮಾನವಾಗಿ ಸಿಕ್ಕಿ, ಮರುಕ್ಷಣ ಸ್ವಿಟ್ಜರ್ಲೆಂಡಿನಲ್ಲಿ ಹಾಡು. ಇಲ್ಲಿ ಹುಡುಗಿ ಕೈತಪ್ಪುತ್ತಾಳೆ. ತಪ್ಪಿಸುವವರು ಅವನು ದೇವರಂತೆ ಕಾಣುವ ಚಾಮಯ್ಯ ಮೇಷ್ಟ್ರು. ಜಗತ್ತಿನಲ್ಲಿ ಆ ಹುಡುಗ ಕೈಯೆತ್ತಲಾರದ ವ್ಯಕ್ತಿ ಒಬ್ಬರಿದ್ದರೆ ಅವರೇ. ಕೊನೆಗೆ ಬೆಟ್ಟದ ಮೇಲೆ ಅವನ ಕೈ ತಳ್ಳುವುದು ಯಾರನ್ನು? ಅವರನ್ನೇ. ಕ್ಷಣದ ಸಿಟ್ಟು, ಕೆ.ಎಸ್. ಅಶ್ವತ್ಥ್ ಕೆಳಗೆ. ಆಮೇಲೆ ಅವನಿಗೂ ಮಾರ್ಗರೇಟಳಿಗೂ ಆ ಬೆಟ್ಟದಿಂದ ಇಳಿಯುವ ಬೇರೆ ದಾರಿ ಉಳಿಯುವುದಿಲ್ಲ.

2018ರಲ್ಲಿ ಚಿತ್ರ ಹೊಸ ಸದ್ದು, ಹೊಸ ಬಣ್ಣದೊಂದಿಗೆ ಮರುಬಿಡುಗಡೆಯಾದಾಗ ಥಿಯೇಟರಿನಲ್ಲಿ ಅಭಿಮಾನಿಗಳ ಕುಣಿತವಿತ್ತು, ಪಟಾಕಿಯಿತ್ತು. ಮೇಷ್ಟ್ರು ಬಿದ್ದಾಗ ಮಾತ್ರ ಒಬ್ಬನೂ ಶಿಳ್ಳೆ ಹಾಕಲಿಲ್ಲ. ಆ ಮೌನ ಇತ್ತೀಚಿನ ಯಾವ ದೊಡ್ಡ ಚಿತ್ರದಲ್ಲೂ ನನಗೆ ಸಿಕ್ಕಿಲ್ಲ.

‘ನಾಗರಹಾವು’ ದೋಷವಿಲ್ಲದ ಚಿತ್ರ ಎಂದು ನಾನು ಹೇಳುತ್ತಿಲ್ಲ. ಅಲಮೇಲು, ಮಾರ್ಗರೇಟ್ ಇಬ್ಬರೂ ತೆತ್ತದ್ದು ರಾಮಾಚಾರಿಗಿಂತ ಹೆಚ್ಚು. ಮೇಷ್ಟ್ರ ಜಾತಿ-ಧರ್ಮದ ಬುದ್ಧಿವಾದವನ್ನು ಚಿತ್ರ ಪ್ರಶ್ನಿಸಿದ್ದಕ್ಕಿಂತ ಕಣ್ಣಿಗೊತ್ತಿಕೊಂಡದ್ದೇ ಜಾಸ್ತಿ. ತಮ್ಮ ಮೂರು ಕಾದಂಬರಿಗಳನ್ನು ಹಿಂಡಿ ಒಂದು ಚಿತ್ರ ಮಾಡಿದ್ದು ತರಾಸು ಅವರಿಗೆ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಮುನಿಸಿಕೊಂಡ ಕಥೆಯನ್ನು ದುರ್ಗದಲ್ಲಿ ಇವತ್ತಿಗೂ ಹೇಳುತ್ತಾರೆ. ಪಾಪ ತರಾಸು, ಇವತ್ತು ಇದ್ದಿದ್ದರೆ ಆ ಕೇರೆಹಾವಿಗೇ ಹಾಲೆರೆಯುತ್ತಿದ್ದರೋ ಏನೋ.

ಈಗ ಈಚಿನವಕ್ಕೆ ಬರೋಣ. ‘ಕೆಜಿಎಫ್’ ಎರಡೂ ಭಾಗಗಳನ್ನು ನಾನು ಮೊದಲ ದಿನವೇ ನೋಡಿದೆ. ಕನ್ನಡ ಸಿನಿಮಾ ದೇಶದ ಎದುರು ಎದೆಯುಬ್ಬಿಸಿ ನಿಂತದ್ದನ್ನು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ 2022ರ ಎರಡನೇ ಭಾಗದಲ್ಲಿ ರಾಕಿ ತಾನು ಮೆಚ್ಚಿದ ಹುಡುಗಿಯನ್ನು ಅವಳ ಒಪ್ಪಿಗೆಯ ಗೊಡವೆಯಿಲ್ಲದೆ ಗಣಿಗೆ ಎಳೆತರುವುದು, ಚಿತ್ರ ಅದನ್ನು ಗತ್ತು ಎಂದು ತೋರಿಸುವುದು, ಆಮೇಲೆ ಅವಳಿಗೆ ಪ್ರೀತಿ ತಾನಾಗಿ ಉಕ್ಕುವುದು — ಇದಕ್ಕೆ ಏನನ್ನುತ್ತೀರಿ? ಕೊನೆಯಲ್ಲಿ ರಾಕಿ ಸಾಯುತ್ತಾನಲ್ಲ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಸಾಯುತ್ತಾನೆ ನಿಜ, ರಾಶಿ ಚಿನ್ನದ ಜೊತೆ, ಹಡಗಿನ ಮೇಲೆ, ದೇಶದ ಸೈನ್ಯವೇ ಬಂದು ಗುಂಡಿಕ್ಕಬೇಕು ಎಂಬ ಠೀವಿಯಲ್ಲಿ. ಅದು ಸಾವಲ್ಲ, ಪಟ್ಟಾಭಿಷೇಕ. ಅವನ ಹಿಂದೆ ಸತ್ತ ಸಾವಿರಾರು ಜನಕ್ಕೆ ಒಂದು ಹೆಸರೂ ಇಲ್ಲ.

‘ಕಾಂತಾರ’ದ ಕೊನೆಯ ಇಪ್ಪತ್ತು ನಿಮಿಷಕ್ಕೆ ನಾನು ಕೈಮುಗಿಯುತ್ತೇನೆ. ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಆ ಶಿವ ಮೊದಲರ್ಧದಲ್ಲಿ ಲೀಲಾಳ ಸೊಂಟ ಚಿವುಟುವುದನ್ನು ದೈವ ಮರೆತರೂ ನಾನು ಮರೆಯಲಾರೆ. ದೈವ ಎಲ್ಲದಕ್ಕೂ ಲೆಕ್ಕ ಕೇಳುತ್ತದೆ ಎಂದು ನಂಬುವ ನೆಲದ ಕಥೆಯಲ್ಲಿ ಇದೊಂದು ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಸಣ್ಣ ವಿಷಯ ಎನ್ನುತ್ತೀರಾ? ಮುಂದಿನ ಸಾಲಿನ ಹುಡುಗರು ಅತಿ ಹೆಚ್ಚು ಕೂಗಿದ್ದು ಅಲ್ಲಿ. ‘ಮಾರ್ಟಿನ್’, ‘ಕಬ್ಜ’ದಂಥವುಗಳ ಬಗ್ಗೆ ಬರೆದು ನಿಮ್ಮ ಸಮಯ ಹಾಳುಮಾಡುವುದಿಲ್ಲ. ಸಿಟ್ಟು ಯಾಕೆ ಬಂತು ಎಂಬುದೂ ಅಲ್ಲಿ ನೆನಪುಳಿಯುವುದಿಲ್ಲ.

ನಿಜಕ್ಕೂ ಹೊಟ್ಟೆ ಉರಿದದ್ದು ‘ಕಾಟೇರ’ ನೋಡಿದಾಗ. ಕಾಕತಾಳೀಯವಾಗಿ ಅದೂ ಡಿಸೆಂಬರ್ 29ರಂದೇ ಬಂತು, ‘ನಾಗರಹಾವಿ’ಗೆ ಐವತ್ತೊಂದು ವರ್ಷ ತುಂಬಿದ ದಿನ, 2023ರಲ್ಲಿ. ಎಂಥ ವಸ್ತು ನೋಡಿ! ಉಳುವವನೇ ಹೊಲದೊಡೆಯ. ದೇವರಾಜ ಅರಸು ಕಾಲದ ಭೂಸುಧಾರಣೆಯ ಬಗ್ಗೆ ಕನ್ನಡದ ಸ್ಟಾರ್ ಚಿತ್ರವೊಂದು ಬಾಯಿಬಿಟ್ಟದ್ದೇ ದೊಡ್ಡದು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಏಳನೇ ನಂಬರಿನ ಫಾರಂ ತುಂಬಲು ಅಕ್ಷರ ಬಲ್ಲವರನ್ನು ಹುಡುಕಿಕೊಂಡು ಅಲೆದವರು, ಭೂನ್ಯಾಯ ಮಂಡಳಿಯ ಮುಂದೆ ದಣಿಯ ಎದುರಿಗೇ ನಿಂತು ಈ ಹೊಲ ನಾನೇ ಉಳುವುದು ಎಂದು ಹೇಳಲು ನಾಲಿಗೆ ಒಣಗಿಸಿಕೊಂಡವರು ಇನ್ನೂ ಬದುಕಿದ್ದಾರೆ. ಅವರ ಧೈರ್ಯಕ್ಕಿಂತ ದೊಡ್ಡ ಸಾಹಸ ದೃಶ್ಯ ಬೇಕೆ? ತರುಣ್ ಸುಧೀರ್ ಅವರಿಗೆ ಇದು ಗೊತ್ತಿಲ್ಲವೆಂದಲ್ಲ. ಕಾನೂನಿನ ಕಥೆಯೂ, ಜಾತಿಯ ಕ್ರೌರ್ಯವೂ ಚಿತ್ರದಲ್ಲಿ ಇದ್ದೇ ಇವೆ. ಆದರೆ ಹೀರೋ ಕುಲುಮೆಯವನು, ಕೈಯಲ್ಲಿ ಮಚ್ಚಿದೆ. ಮಚ್ಚು ಇದ್ದ ಮೇಲೆ ಫಾರಂ ಯಾರಿಗೆ ಬೇಕು? ಹೊರಗೆ ಬಂದವರ ಬಾಯಲ್ಲಿ ಮಚ್ಚಿನ ಮಾತೇ ಹೊರತು ಮಂಡಳಿಯ ಮಾತಿಲ್ಲ. ಸಾವಿರಾರು ಗೇಣಿದಾರರು ಕಾಗದ ಹಿಡಿದು ಗೆದ್ದ ಯುದ್ಧವನ್ನು ಒಬ್ಬನ ತೋಳಿಗೆ ಬರೆದುಕೊಟ್ಟರು.

ಆ ಚಿತ್ರ ಬಂದು ಆರು ತಿಂಗಳಾಗುವ ಮೊದಲು, 2024ರ ಜೂನ್‌ನಲ್ಲಿ, ನಮ್ಮೂರಿನ ಯುವಕನೊಬ್ಬನನ್ನು ಇಲ್ಲಿಂದ ಬೆಂಗಳೂರಿಗೆ ಕರೆದೊಯ್ದು ಕೊಂದ ಪ್ರಕರಣ ಹೊರಬಿತ್ತು. ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ್ದೇ ಕಾರಣ ಎಂದು ಪೊಲೀಸರು ಹೇಳಿದರು. ಬಂಧಿತರಲ್ಲಿ ‘ಕಾಟೇರ’ದ ನಾಯಕನಟ ದರ್ಶನ್ ಇದ್ದರು. ಅವರಿಗೆ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದುಮಾಡಿತು. ತಪ್ಪು ಯಾರದು ಎಂದು ಹೇಳುವುದು ನ್ಯಾಯಾಲಯದ ಕೆಲಸ, ಅದರಲ್ಲಿ ನಾನು ಕೈಹಾಕುವುದಿಲ್ಲ. ನನ್ನ ಮಾತು ನಮ್ಮ ಬಗ್ಗೆ, ಎಂದರೆ ಪ್ರೇಕ್ಷಕರ ಬಗ್ಗೆ. ಕೈದಿ ನಂಬರನ್ನು ಬೈಕಿನ ಮೇಲೆ ಬರೆಸಿಕೊಂಡವರು ನಾವು. ಎಳೆಮಗುವಿಗೆ ಕೈದಿಯ ಬಟ್ಟೆ ತೊಡಿಸಿ ಫೋಟೊ ತೆಗೆಸಿ ಹಂಚಿದವರೂ ನಮ್ಮ ನಡುವಿನವರೇ. ಸತ್ತವನ ಮನೆಯಿರುವ ಇದೇ ಊರಿನ ಟೀ ಅಂಗಡಿಯಲ್ಲಿ ಕಾಲೇಜು ಹುಡುಗನೊಬ್ಬ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ: “ಯಾರಾದ್ರೂ ಮಾಡಿರ್ಲಿ ಅಣ್ಣ, ಅಂಥ ಮೆಸೇಜ್ ಕಳಿಸ್ದೋನಿಗೆ ಆಗ್ಬೇಕಾದ್ದೇ ಆಯ್ತು ಬಿಡಿ.”

ಅಂಥ ಸಂದೇಶ ಕಳಿಸುವುದು ಅಪರಾಧ. ಅದಕ್ಕೆ ಠಾಣೆಯಿದೆ, ಸೆಕ್ಷನ್ ಇದೆ, ಕೋರ್ಟಿದೆ. ಆ ಹುಡುಗನಿಗೆ ಇದು ಗೊತ್ತಿಲ್ಲದೆ ಇಲ್ಲ. ಆದರೆ ಅವನು ಶುಕ್ರವಾರ ಶುಕ್ರವಾರ ನೋಡುತ್ತಾ ಬಂದಿರುವ ಜಗತ್ತಿನಲ್ಲಿ ಪೊಲೀಸ್ ಜೀಪು ಬರುವುದು ಎಲ್ಲ ಮುಗಿದ ಮೇಲೆ, ಹೆಣ ಎಣಿಸಲು.

ಸಿನಿಮಾ ನೋಡಿ ಯಾರೂ ಕೊಲೆ ಮಾಡುವುದಿಲ್ಲ, ಮನರಂಜನೆಯನ್ನು ಮನರಂಜನೆಯಾಗಿ ನೋಡಿ ಎಂಬ ಉತ್ತರ ನನಗೆ ಗೊತ್ತು. ಈ ಅಂಕಣ ಓದುವ ಎಂ.ಎ. ವಿದ್ಯಾರ್ಥಿಗಳೇ ಅದನ್ನು ಹೆಚ್ಚು ಹೇಳುವವರು. ಜೊತೆಗೆ ಅರಿಸ್ಟಾಟಲನ ಹೆಸರನ್ನೂ ತರುತ್ತಾರೆ. ಸಿನಿಮಾ ಕೊಲೆ ಮಾಡಿಸುತ್ತದೆ ಎಂದು ನಾನೂ ಹೇಳುವುದಿಲ್ಲ. ಅದು ಮಾಡುವುದು ಇನ್ನೊಂದು ಕೆಲಸ. ಯಾವ ಸಾವಿಗೆ ಅಳಬೇಕು, ಯಾವುದಕ್ಕೆ ಶಿಳ್ಳೆ ಹಾಕಬೇಕು ಎಂಬುದನ್ನು ಅದು ಕತ್ತಲೆಯಲ್ಲಿ ಕೂರಿಸಿ ರೂಢಿ ಮಾಡಿಸುತ್ತದೆ. ಟೀ ಅಂಗಡಿಯ ಹುಡುಗ ಕೊಲೆಗಾರನಲ್ಲ. ಒಂದು ಸಾವಿನ ಸುದ್ದಿ ಕೇಳಿ ಅವನಿಗೆ ಏನೂ ಆಗಲಿಲ್ಲ, ಅಷ್ಟೇ. ಅರಿಸ್ಟಾಟಲ್ ಬೇಕೆನ್ನುವವರು ಭಯ ಮತ್ತು ಕರುಣೆ ಎಂಬ ಎರಡು ಮಾತನ್ನೂ ತರಲಿ.

ಹೀಗೆಂದ ಕೂಡಲೇ, ಹಾಗಾದರೆ ನಿಮಗೆ ಫಿಲಂ ಫೆಸ್ಟಿವಲ್ಲಿನ ಸಿನಿಮಾವೇ ಬೇಕು ಎನ್ನುತ್ತಾರೆ. ಬೇಕಿಲ್ಲ. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಇರುವಷ್ಟು ರಕ್ತ ಯಾವ ಮಾಸ್ ಚಿತ್ರಕ್ಕೂ ಕಡಿಮೆಯಲ್ಲ. ಮೈಗೆ ರಕ್ತ ಮೆತ್ತಿಕೊಂಡು ಶಿವ ಹುಲಿಕುಣಿತದ ಹೆಜ್ಜೆ ಹಾಕುವಾಗ ಕಾಲು ತಾಳ ಹಾಕುತ್ತದೆ, ಬೆನ್ನುಹುರಿಯಲ್ಲಿ ಚಳಿಯೂ ಏಳುತ್ತದೆ. ಎರಡೂ ಒಟ್ಟಿಗೆ. ರಾಜ್ ಬಿ. ಶೆಟ್ಟಿ ನಮ್ಮನ್ನು ಕುಣಿಸಿ, ಯಾವುದಕ್ಕೆ ಕುಣಿದಿರಿ ಎಂದು ನಮ್ಮನ್ನೇ ಕೇಳುತ್ತಾರೆ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ಮನು ದೊಡ್ಡವರ ಮನೆಯ ಮಗನ ಅಪಘಾತವನ್ನು ದುಡ್ಡಿಗಾಗಿ ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಒಂದು ಸಹಿಗೆ ಅವನ ಯೌವನವೇ ಹೋಗುತ್ತದೆ. ಎರಡನೇ ಭಾಗದಲ್ಲಿ ಅವನು ಪ್ರಿಯಾಳನ್ನು ಕದ್ದು ಹಿಂಬಾಲಿಸುವಾಗ ಅದು ಪ್ರೀತಿಯೋ ಹುಚ್ಚೋ ಎಂದು ಚಿತ್ರಕ್ಕೇ ಅನುಮಾನವಿದೆ. (ಆ ಎರಡನೇ ಭಾಗ ಸ್ವಲ್ಪ ಎಳೆಯಿತು, ಅದು ಬೇರೆ ಮಾತು.) 2025ರ ‘ಸು ಫ್ರಮ್ ಸೋ’ ಅಂತೂ ನಗಿಸಿ ನಗಿಸಿಯೇ ಕೆಲಸ ಮುಗಿಸಿತು. ಊರಿಗೇ ದೊಡ್ಡಣ್ಣನಂತಿರುವ ರವಿಯಣ್ಣನ ತೋಳು ದೆವ್ವದ ಮುಂದೆ ಕೆಲಸಕ್ಕೆ ಬರುವುದಿಲ್ಲ. ಕಷ್ಟದಲ್ಲಿರುವ ಹೆಣ್ಣೊಬ್ಬಳ ಮಾತಿಗೆ ಕಿವಿಗೊಡುವುದರಲ್ಲೇ ಅವನ ಗಂಡಸುತನ ಇರುವುದೆಂದು ಚಿತ್ರ ಉಪದೇಶವಿಲ್ಲದೆ ಹೇಳುತ್ತದೆ. ದೊಡ್ಡ ಸ್ಟಾರ್ ಇಲ್ಲದ ಈ ಚಿತ್ರಕ್ಕೆ ಜನ ಮುಗಿಬಿದ್ದರು. ಜನಕ್ಕೆ ಬೇಕಾದ್ದನ್ನೇ ಕೊಡುತ್ತಿದ್ದೇವೆ ಎನ್ನುವ ನಿರ್ಮಾಪಕರು ಇದಕ್ಕೆ ಉತ್ತರ ಕೊಡಬೇಕು.

ಆದರೆ ಸ್ಟಾರ್ ಇಲ್ಲದ ಚಿತ್ರ ದುರ್ಗ, ಹಿರಿಯೂರು, ಹೊಸದುರ್ಗಗಳಿಗೆ ಬರುವುದೇ ಕಷ್ಟ. ಬೆಂಗಳೂರಿನಲ್ಲಿ ಹೆಸರು ಮಾಡಿದ ಮೇಲೆ ಬರುತ್ತದೆ, ಅಷ್ಟರಲ್ಲಿ ಅರ್ಧ ಜನ ಮೊಬೈಲಿನಲ್ಲಿ ನೋಡಿ ಮುಗಿಸಿರುತ್ತಾರೆ. ಬಂದರೂ ಒಂದೇ ಆಟ, ಅದೂ ಕೆಲಸವಿದ್ದವರು ಹೋಗಲಾರದ ಹೊತ್ತಿಗೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಟೀವಿಯಲ್ಲಿ ವಾರಗಟ್ಟಲೆ ಚರ್ಚೆ. ನಮ್ಮಂಥ ಊರಿನ ಟಾಕೀಸುಗಳಲ್ಲಿ ಟಿಕೆಟ್ಟು ಅಷ್ಟಕ್ಕೆ ಮುಟ್ಟುವುದೇ ಅಪರೂಪ. ನಮ್ಮ ಕೊರತೆ ದುಡ್ಡಿನದಲ್ಲ, ಆಯ್ಕೆಯದು. ಮಚ್ಚಿನ ಚಿತ್ರಕ್ಕೆ ದಿನಕ್ಕೆ ನಾಲ್ಕು ಆಟ ಕೊಟ್ಟು, ಉಳಿದದ್ದಕ್ಕೆ ಮಧ್ಯಾಹ್ನದ ಬಿಸಿಲು ಕೊಟ್ಟು, ಆಮೇಲೆ ಜನರ ಅಭಿರುಚಿಯೇ ಹೀಗೆ ಎನ್ನುವುದು ಯಾವ ನ್ಯಾಯ?

ದುರ್ಗದವರಿಗೆ ಇನ್ನೊಂದು ಆತಂಕವಿದೆ. ನಮ್ಮ ಮದಕರಿ ನಾಯಕನ ಮೇಲೆ ಚಿತ್ರ ಮಾಡುತ್ತೇವೆಂದು 2018ರಲ್ಲಿ ಎರಡೆರಡು ತಂಡ ಹೊರಟವು. ಒಂದರಲ್ಲಿ ದರ್ಶನ್, ಇನ್ನೊಂದರಲ್ಲಿ ಸುದೀಪ್. ಪಾತ್ರ ಯಾರು ಮಾಡಬೇಕು ಎಂದು ಅಭಿಮಾನಿಗಳು ಕಿತ್ತಾಡಿದರು, ಜಾತಿ ಬಂತು, ಮಠ ಬಂತು. ಮದಕರಿ ಯಾರು, ಅವನಿಗೆ ಏನಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ನಮ್ಮೂರಿನ ಬಿ.ಎಲ್. ವೇಣು ಅವರ ಕಾದಂಬರಿ ಆಧರಿಸಿದ ಚಿತ್ರ ಸೆಟ್ಟೇರಿತು, ಆಮೇಲೆ ನಿಂತಿತು. ಇವತ್ತಿಗೂ ತೆರೆಗೆ ಬಂದಿಲ್ಲ.

ನಾಳೆ ಯಾರಾದರೂ ಅದನ್ನು ಮತ್ತೆ ಕೈಗೆತ್ತಿಕೊಳ್ಳಬಹುದು. ಗ್ರಾಫಿಕ್ಸಿನಲ್ಲಿ ಏಳು ಸುತ್ತಿನ ಕೋಟೆ ಎದ್ದು ನಿಲ್ಲುತ್ತದೆ, ಕುದುರೆಗಳು ಬರುತ್ತವೆ, ಒಬ್ಬನೇ ನೂರು ಜನರನ್ನು ಕತ್ತರಿಸುತ್ತಾನೆ. ಆದರೆ ಮದಕರಿ ನಾಯಕ ಸೋತವನು. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ತಿರುಗಿ ಬರಲಿಲ್ಲ. ತರಾಸು ತಮ್ಮ ಕೊನೆಯ ದೊಡ್ಡ ಕಾದಂಬರಿಗೆ ಇಟ್ಟ ಹೆಸರು ‘ದುರ್ಗಾಸ್ತಮಾನ’. ಆ ಸೋಲನ್ನು, ಆ ಸೆರೆಯನ್ನು, ಸೋಲಿನಲ್ಲಿ ನಾಯಕನ ಪಾಲೆಷ್ಟು ಎಂಬುದನ್ನು ಈಗಿನ ಯಾವ ಹೀರೋ ತನ್ನ ಮುಖದ ಮೇಲೆ ತಂದುಕೊಳ್ಳಲು ಒಪ್ಪುತ್ತಾನೆ, ಯಾವ ನಿರ್ದೇಶಕ ಅದನ್ನು ಅವನೆದುರು ಹೇಳುವ ಧೈರ್ಯ ಮಾಡುತ್ತಾನೆ? ಸ್ಕ್ರಿಪ್ಟ್ ಬರೆಯುವ ಮೊದಲೇ ಅವರು ಇದಕ್ಕೆ ಉತ್ತರ ಕೊಡಲಿ. ಟಿಕೆಟ್ ತೆಗೆದುಕೊಳ್ಳಲು ನಾವಂತೂ ಸಾಲಿನಲ್ಲಿ ನಿಂತಿರುತ್ತೇವೆ.